ಎಲೆಬುಟ್ಟಿಗೆ ಎಷ್ಟು ಕೈ ನೀರು

ಮುಂಬಯಿಯ ದಲಾಲನಿಂದ ತಾರು ಬಂದ ದಿನ ನಮ್ಮ ಧಣಿಯವರು ಅರ್ಧ ಊಟಕ್ಕೇ ಕೈತೊಳೆದು ವೀಳ್ಯದೆಲೆ ಆರಿಸುವ ಚಪ್ಪರಕ್ಕೆ ಬಂದರು. ಅವರು ಅರ್ಧ ಊಟಕ್ಕೆ ಏಳುವ ಮನುಷ್ಯರಲ್ಲ. ಆಗಲೇ ನನಗೆ ಗೊತ್ತಾಯಿತು, ಇವತ್ತು ಯಾರದೋ ಗ್ರಹಚಾರ ಕೆಟ್ಟಿದೆ ಅಂತ. ತಾರಿನಲ್ಲಿ ಇದ್ದದ್ದು ಇಷ್ಟೇ: ಎಲೆ ಬಾಡಿ ಬಂದಿದೆ, ಗಿರಾಕಿಗಳು ಮುಟ್ಟುತ್ತಿಲ್ಲ.

ಲಡಾಯಿ ಶುರುವಾದ ಮೇಲೆ ಯಲವಿಗಿ ಸ್ಟೇಷನ್ನಿನಲ್ಲಿ ನಮ್ಮ ಸವಣೂರಿನ ವೀಳ್ಯದೆಲೆಗೆ ಮೊದಲಿನ ಮರ್ಯಾದೆ ಉಳಿದಿರಲಿಲ್ಲ. ಮೊದಲು ದಂಡಿನ ಸಾಮಾನು ಹತ್ತಬೇಕು, ಆಮೇಲೆ ಜಾಗ ಉಳಿದರೆ ನಮ್ಮ ಬುಟ್ಟಿ. ಒಮ್ಮೊಮ್ಮೆ ಬುಟ್ಟಿಗಳು ಇಡೀ ದಿನ ಪ್ಲಾಟಫಾರ್ಮಿನ ಮೇಲೆ ಕೂತಿರುತ್ತಿದ್ದವು. ಮೇಲೆ ಬೇಸಿಗೆ ಬೇರೆ. ಎಲೆ ಬಾಡದೆ ಏನು ಮಾಡೀತು? ಆದರೆ ಧಣಿಗೆ ರೈಲನ್ನು ಬಯ್ಯಲು ಬರುವುದಿಲ್ಲವಲ್ಲ, ನಮ್ಮನ್ನು ಬಯ್ಯಲು ಬರುತ್ತದೆ.

ತೋಟದಿಂದ ಎಲೆ ಕೊಯ್ಯಿಸುವ ಹಿರಿಯಾಳನ್ನು ಕರೆಸಿದರು. ಗಾಡಿಯವನನ್ನು ಕರೆಸಿದರು. ಚಪ್ಪರದಲ್ಲಿ ಎಲೆ ಆರಿಸಿ, ಜೋಡಿಸಿ, ಬುಟ್ಟಿ ತುಂಬುವ ಹೆಂಗಸರು ಹೇಗೂ ಅಲ್ಲೇ ಇದ್ದರು. ಅವರ ಮೇಲೆ ನಾನು ಮುಕಾದಮಳು. ಅವರು ನನ್ನ ಮಾತು ಮೀರುತ್ತಿರಲಿಲ್ಲ, ಪ್ರೀತಿಯಿಂದಲ್ಲ, ನನ್ನ ಬಾಯಿಗೆ ಹೆದರಿ.

ಧಣಿಯವರು ಕಂಬಕ್ಕೊರಗಿ ನಿಂತು ಕತೆ ಶುರುಮಾಡಿದರು. ಅವರಿಗೆ ಸಿಟ್ಟು ಬಂದರೆ ಮೊದಲು ಕತೆ, ಆಮೇಲೆ ಬೈಗುಳ.

"ಒಂದೂರಾಗ ರಾಜಾ ಹೊಂಡಾ ತೋಡಿಸಿದ್ದ. ಹಾಲಿಲೆ ತುಂಬಿಸಬೇಕಂತ ಡಂಗುರಾ ಹೊಡಿಸಿದ. ರಾತ್ರಿ ಮನಿಗೊಂದು ತಂಬಿಗಿ ಹಾಲ ತಂದು ಸುರೂರಿ ಅಂದ. ಒಬ್ಬಾಕಿ ಅಂದ್ಕೊಂಡ್ಲು, ಊರ ಮಂದಿಯೆಲ್ಲಾ ಹಾಲ ಸುರುವಾಗ ನಂದೊಂದು ತಂಬಿಗಿ ನೀರು ಯಾರಿಗೆ ಗೊತ್ತಾಗತೈತಿ? ಬಾಜೂ ಮನಿಯಾಕಿನೂ ಹಂಗ ಅಂದ್ಕೊಂಡ್ಲು. ಮುಂಜಾನೆ ರಾಜಾ ಬಂದು ನೋಡ್ತಾನ, ಹೊಂಡದ ತುಂಬ ಬರೇ ನೀರು! ನೀವೆಲ್ಲಾ ಆ ಊರಿನ ಮಂದಿ ನೋಡ್ರಿ. ತ್ವಾಟದಾಂವ ಚಪ್ಪರದವರು ನೀರ ಹೊಡಿತಾರಂತ ಬಿಟ್ಟ. ಚಪ್ಪರದವರು ಗಾಡ್ಯಾಂವ ಹೊಡಿತಾನಂತ ಬಿಟ್ಟರು. ಗಾಡ್ಯಾಂವ ಸ್ಟೇಷನ್ನಿನ ಹಮಾಲ ಹೊಡಿತಾನಂತ ಬಿಟ್ಟ. ನನ್ನ ಎಲಿ ಒಣಗಿ ಸತ್ತಿತು!"

ಆ ಕತೆ ನಮಗೇನೂ ಹೊಸದಲ್ಲ. ನಮ್ಮವ್ವ ರೊಟ್ಟಿ ಬಡಿಯುತ್ತ ಎಷ್ಟು ಸಲ ಹೇಳಿದ್ದಳೋ. ಆದರೆ ನಮ್ಮವ್ವ ಹೇಳಿದಾಗ ನಗು ಬರುತ್ತಿತ್ತು, ಇವರು ಹೇಳಿದಾಗ ಮೈ ಉರಿಯಿತು.

"ಇವತ್ತಿನಿಂದ ಯಾರೂ ಇನ್ನೊಬ್ಬರ ಮ್ಯಾಲ ಹಾಕಂಗಿಲ್ಲ. ಎಲ್ಲಾರೂ ತಮ್ಮ ತಮ್ಮ ಕೈಲೆ ನೀರ ಹೊಡೀಬೇಕು. ಇನ್ನೊಂದು ತಾರ ಬಂತಂದ್ರ ಮುಖಾ ನೋಡಂಗಿಲ್ಲ, ಮನಿಗೆ ಅಟ್ಟತೇನಿ" ಅಂದು ಹೋದರು.

ಅವರ ಬೆನ್ನು ಕಂಡದ್ದೇ ತಡ, ಜಗಳ ಹತ್ತಿಕೊಂಡಿತು. ಗಾಡಿಯವ ನನ್ನ ಕಡೆ ತಿರುಗಿ, "ನಿಮ್ಮ ಹೆಣಮಕ್ಕಳು ಹರಟಿ ಹೊಡಿತಾರ, ನೀರ ಹೊಡಿಯೂದಿಲ್ಲ" ಅಂದ. "ನೀ ದಾರ್ಯಾಗ ಎತ್ತ ಬಿಟ್ಟು ಮಲಗತಿಯಲ್ಲಾ, ಅದನ್ನ ಹೇಳು ಮೊದಲ" ಅಂದೆ. ತೋಟದ ಹಿರಿಯಾಳು ಇಬ್ಬರನ್ನೂ ನೋಡಿ ಉಗುಳಿದ. ಒಟ್ಟಿನಲ್ಲಿ ಕತೆ ಕೇಳಿ ನಾವು ಒಗ್ಗಟ್ಟಾಗಲಿಲ್ಲ. ಪ್ರತಿಯೊಬ್ಬರೂ ಉಳಿದವರು ಕಳ್ಳರೆಂದು ಗಟ್ಟಿಮಾಡಿಕೊಂಡು ಎದ್ದೆವು.

ನಮ್ಮ ಕೆಲಸದ ರೀತಿ ಹೇಳಿಬಿಡುತ್ತೇನೆ. ಬೆಳ್ಳಂಬೆಳಿಗ್ಗೆ ತೋಟದಲ್ಲಿ ಎಲೆ ಕೊಯ್ದು ಚಪ್ಪರಕ್ಕೆ ತರುತ್ತಾರೆ. ಹೆಂಗಸರು ಸಾಲಾಗಿ ಕೂತು ಹರಕು, ಚುಕ್ಕೆ, ಹುಳ ತಿಂದದ್ದು ತೆಗೆದು, ತೊಟ್ಟು ಒಂದೇ ಕಡೆ ಬರುವಂತೆ ಒಂದರ ಮೇಲೊಂದು ಇಟ್ಟು ಕಟ್ಟು ಕಟ್ಟುತ್ತಾರೆ. ಬುಟ್ಟಿಯ ಒಳಗೆ ಬಾಳೆ ಎಲೆ ಹಾಸಿ, ಕಟ್ಟುಗಳನ್ನು ಸುತ್ತಲೂ ಬಿಗಿಯಾಗಿ ಕೂರಿಸಿ, ಬಾಯಿಗೆ ಗೋಣಿತಟ್ಟು ಹೊಲಿಯುತ್ತಾರೆ. ಮಧ್ಯಾಹ್ನ ಇಳಿಹೊತ್ತಿಗೆ ಗಾಡಿ ಯಲವಿಗಿಗೆ ಹೊರಡುತ್ತದೆ. ಸಂಜೆಯ ರೈಲಿಗೆ ಸ್ಟೇಷನ್ನಿನ ಹಮಾಲ ಬುಟ್ಟಿ ಹತ್ತಿಸುತ್ತಾನೆ. ಇದರಲ್ಲಿ ನೀರು ಎಷ್ಟು, ಯಾವಾಗ, ಯಾರು ಅಂತ ಎಂದೂ ಯಾರೂ ಕೂತು ಮಾತಾಡಿದವರಲ್ಲ. ಹಿಂದಿನವರು ಮಾಡಿದಂತೆ ನಾವು ಮಾಡುತ್ತಿದ್ದೆವು.

ಕತೆ ಕೇಳಿದ ಮರುದಿನದಿಂದ ಚಪ್ಪರದಲ್ಲಿ ಕಟ್ಟು ಕಟ್ಟಿದ ಮೇಲೆ ಒಂದು ಸಲ, ಬುಟ್ಟಿ ತುಂಬಿದ ಮೇಲೆ ಇನ್ನೊಂದು ಸಲ ನೀರು ಹೊಡೆಸಿದೆ. ಧಣಿಯ ಅಪ್ಪಣೆಯಲ್ಲವೇ? ಅವರ ಕಣ್ಣಿಗೆ ಬೀಳಲಿ ಅಂತ ಕೊಡ ಬಾಗಿಲಲ್ಲೇ ಇಡಿಸಿದೆ. ಉಳಿದವರು ಏನು ಮಾಡುತ್ತಿದ್ದಾರೆ ಅಂತ ಕೇಳಲು ಹೋಗಲಿಲ್ಲ. ಅವರ ಕೂಡ ಮಾತೇ ಬಿಟ್ಟಿದ್ದೆವಲ್ಲ.

ಎರಡನೆಯ ತಾರು ಬಂತು. ಈ ಸಲ ಎಲೆ ಬಾಡಿರಲಿಲ್ಲ. ಕರ್ರಗೆ ಕೊಳೆತು ನಾರುತ್ತಿತ್ತಂತೆ. ಇನ್ನೊಮ್ಮೆ ಹೀಗೆ ಬಂದರೆ ಸವಣೂರಿನ ಈ ಚಪ್ಪರದ ಎಲೆಯೇ ಬೇಡ ಅಂತ ದಲಾಲ ಹೇಳಿಬಿಟ್ಟಿದ್ದ.

ಧಣಿಯವರು ಈ ಸಲ ಕತೆ ಹೇಳಲಿಲ್ಲ. "ಹುಬ್ಬಳ್ಳಿ ವ್ಯಾಪಾರಸ್ಥ ಬಳ್ಳಿಮ್ಯಾಲಿನ ಎಲಿನ ತಗೋತೇನಿ ಅಂದಾನ. ಅವನ ಆಳ ಬಂದು ಕೊಯ್ಕೊಂಡು ಹೋಗ್ತಾರ. ಇನ್ನೊಂದು ಸಲ ಎಲಿ ಕರ್ರಗಾತಂದ್ರ ಚಪ್ಪರಾ ಕಿತ್ತಸ್ತೇನಿ" ಅಂದರು. ಸಾಲಿನಲ್ಲಿ ಕೂತ ಹೆಂಗಸರ ಕೈಗಳು ಅಲ್ಲೇ ನಿಂತವು. ಅವರಲ್ಲಿ ಗಂಡ ಸತ್ತವರಿದ್ದರು, ಗಂಡ ಬಿಟ್ಟವರಿದ್ದರು, ಗಂಡ ಇದ್ದೂ ಇಲ್ಲದವರಿದ್ದರು. ನೆರಳಿನಲ್ಲಿ ಕೂತು ಮಾನವಾಗಿ ಮಾಡುವ ಕೆಲಸ ಸವಣೂರಿನಲ್ಲಿ ಹೆಣ್ಣಾಳಿಗೆ ಬೇರೆ ಎಲ್ಲಿತ್ತು?

ಅಷ್ಟಕ್ಕೇ ಬಿಡದೆ ಧಣಿಯವರು ಗಾಡಿಯವನ ಎದುರು ನಿಂತರು. "ನಂಗೆಲ್ಲಾ ಗೊತ್ತೈತಿ. ನನ್ನ ಛಲೋ ಎಲಿ ಯಲವಿಗ್ಯಾಗ ಮಾರ್ಕೊಂಡು ಕೊಳತದ್ದು ತುಂಬಾಕತ್ತೀದಿ. ಕಳ್ಳ!"

ಗಾಡಿಯವ ಸವಣೂರಿನವನೇ, ನಡುವಯಸ್ಸಿನ ಮುಸಲ್ಮಾನ, ಎತ್ತುಗಳ ಮೇಲೆ ಕೈ ಮಾಡಿದ್ದನ್ನು ನಾನು ಕಂಡಿಲ್ಲ. ಮನುಷ್ಯರ ಮೇಲೆ ಮಾತ್ರ ಬಾಯಿ ಬಹಳ. ಅವತ್ತು ದನಿ ಏರಿಸಲಿಲ್ಲ. "ಧಣ್ಯಾರ, ಅಂದದ್ದು ಅಂದ್ರಿ. ಎಲಿ ಹಸರ ಮುಟ್ಟೂತನಾ ಗಾಡಿ ಹೊಡಿತೇನಿ. ಆಮ್ಯಾಲ ಮಾತಾಡೂಣು" ಅಂದ. ನಮ್ಮ ಹೆಂಗಸರು, "ಕಳ್ಳ ಸಿಕ್ಕ ನೋಡು" ಅಂತ ಪಿಸುಗುಟ್ಟಿದರು. ನನಗೂ ಅವನ ಮೇಲೆ ಮಮತೆ ಉಕ್ಕುತ್ತಿರಲಿಲ್ಲ. ಆದರೆ ಹೊಲಿಗೆ ನಮ್ಮದು. ದಾರಿಯಲ್ಲಿ ಬಿಚ್ಚಿ ಹೊಲಿದಿದ್ದರೆ ದಲಾಲನ ಕಣ್ಣಿಗೆ ಬೀಳದೆ?

"ನಾಳೆ ಬುಟ್ಟಿ ಜೋಡಿ ನಾನೂ ಹೋಗತೇನಿ" ಅಂದೆ.

"ಹೆಣಮಗಳು, ಗಾಡಿ ಮ್ಯಾಲ ಸ್ಟೇಷನ್ನಿಗೆ?" ಅಂದರು ಧಣಿ.

"ಹೆಣಮಕ್ಕಳ ಹೊಟ್ಟಿಮ್ಯಾಲ ಕಾಲ ಇಟ್ಟೀರಿ, ಈಗ ಹೆಣಮಗಳು ಅಂತ ನೆನಪಾತೇನ್ರಿ?" ಅಂದೆ. ಅವರು ಮುಖ ತಿರುಗಿಸಿದರು.

ಮರುದಿನ ನಸುಕಿನಲ್ಲೇ ತೋಟಕ್ಕೆ ಹೋದೆ. ಚೊಗಚೆ ಗಿಡಗಳಿಗೆ ಹಬ್ಬಿದ ಬಳ್ಳಿಯಿಂದ ಎಲೆ ಇಳಿಯುತ್ತಿತ್ತು. ಕೊಯ್ದ ಎಲೆಯ ಬುಟ್ಟಿಯನ್ನು ಹಿರಿಯಾಳು ಸೀದಾ ಕಾಲುವೆಯಲ್ಲಿ ಮುಳುಗಿಸಿ ಎತ್ತಿದ. ನೀರು ಸೋರುತ್ತಿದ್ದಂತೆಯೇ ಹೊರಿಸಿ ಕಳಿಸಿದ. ಚಪ್ಪರ ಮುಟ್ಟುವಷ್ಟರಲ್ಲಿ ಮೇಲಿನ ಎಲೆ ಆರಿರುತ್ತಿತ್ತು, ಇವನು ಚಿಮುಕಿಸಿದ್ದಷ್ಟೇ ಅಂತ ನಾವು ತಿಳಿದಿದ್ದೆವು.

"ಮೊದಲ ಬರೇ ಚಿಮುಕಿಸ್ತಿದ್ದಿಯಲ್ಲೋ ಯಪ್ಪಾ?" ಅಂದೆ.

"ಆಮ್ಯಾಲ ತ್ವಾಟದಾಂವ ನೀರ ಹೊಡಿಲಿಲ್ಲ ಅಂತ ನನ್ನ ಮ್ಯಾಲ ಹಾಕಾವ್ರು ನೀವ. ಈಗ ಹಾಕ್ರಿ ನೋಡೋಣು!" ಅಂದ.

ಚಪ್ಪರದಲ್ಲಿ ಧಣಿಯ ಅಪ್ಪಣೆಯಂತೆ ನಮ್ಮ ಎರಡು ಸಲವೂ ಆಯಿತು. ಬುಟ್ಟಿ ಹೊಲಿದು ಗಾಡಿಗೆ ಏರಿಸಿದೆವು. ನಾನು ಹಿಂದೆ ಕೂತೆ. ಅರ್ಧ ದಾರಿಯಲ್ಲಿ ಒಂದು ಬಾವಿ ಸಿಕ್ಕಿತು. ಗಾಡಿಯವ ಗಾಡಿ ನಿಲ್ಲಿಸಿದ. ಎತ್ತಿಗೆ ನೀರು ಕುಡಿಸಿದ. ಆಮೇಲೆ ಬಕೆಟ್ಟು ತುಂಬಿ ತಂದು ಒಂದೊಂದು ಬುಟ್ಟಿಯ ಮೇಲೂ ಧೋ ಅಂತ ಸುರಿದ. ಮುಂದಿನ ಬಾವಿಯ ಹತ್ತಿರ ಮತ್ತೆ ಸುರಿದ. ನನ್ನ ಸೀರೆಯೂ ತೋಯಿತು.

"ಇಷ್ಟ್ಯಾಕ ಸುರೂತಿ ಮಾರಾಯಾ?"

"ನೀವ್ ಬಾಗಿಲಾಗ ಕೊಡ ತೋರಸ್ತೀರಿ, ಸುರೂದಿಲ್ಲಲ್ಲಾ, ಅದಕ್ಕ" ಅಂದ, ತಿರುಗಿಯೂ ನೋಡದೆ.

ಯಲವಿಗಿಯಲ್ಲಿ ಗಾಡಿ ನಿಂತದ್ದೇ ಹಮಾಲ ಓಡಿಬಂದ. ಕೈಯಲ್ಲಿ ತುಂಬಿದ ಕೊಡ! ಬುಟ್ಟಿ ಇಳಿಸುವ ಮೊದಲೇ ನೀರು ಹೊಡೆಯಲು ಶುರು ಮಾಡಿದ. "ನಿಮ್ಮ ಧಣ್ಯಾರು ಹೇಳಿ ಕಳಿಸ್ಯಾರಬೇ, ಸಾವ್ಕಾರ್ರ ಎಲಿ ಒಣಗಿಸ್ದಿ ಅಂದ್ರ ನನ್ನ ಬಿಲ್ಲಾ ಹೊಕ್ಕೈತಿ" ಅಂದ. ಹಮಾಲರ ತೋಳಿಗೆ ಕಟ್ಟಿದ ಹಿತ್ತಾಳೆ ಬಿಲ್ಲೆ ಹೋದರೆ ಸ್ಟೇಷನ್ನಿನೊಳಗೆ ಕಾಲಿಡುವಂತಿಲ್ಲ.

ನಾನು ಅಲ್ಲೇ ಪ್ಲಾಟಫಾರ್ಮಿನ ಮೇಲೆ ಕುಕ್ಕರಿಸಿದೆ. ಯಾರೂ ಮೈಗಳ್ಳರಿರಲಿಲ್ಲ! ಧಣಿಯ ಕತೆಯಲ್ಲಿ ಎಲ್ಲರೂ ಇನ್ನೊಬ್ಬರನ್ನು ನಂಬಿ ಕೆಲಸ ಕೆಡಿಸಿದ್ದರು. ನಾವು ಒಬ್ಬರನ್ನೊಬ್ಬರು ನಂಬದೆ ಕೆಡಿಸುತ್ತಿದ್ದೆವು. ಒಂದು ಬುಟ್ಟಿಯ ಹೊಲಿಗೆ ಬಿಚ್ಚಿ, ಕಟ್ಟುಗಳ ನಡುವೆ ಕೈ ತೂರಿಸಿದೆ. ಒಳಗೆ ಜ್ವರ ಬಂದ ಕೂಸಿನ ಮೈಯಂತೆ ಬಿಸಿ. ಒದ್ದೆ ಎಲೆ ಬಿಗಿಯಾಗಿ ತುಂಬಿದ ಕಡೆ ಗಾಳಿಯಿಲ್ಲದೆ ಬೇಯುತ್ತಿತ್ತು. ಇದು ಮುಂಬಯಿ ಮುಟ್ಟುವಷ್ಟರಲ್ಲಿ ಸೊಪ್ಪಿನ ಪಲ್ಯ ಆಗುವುದು ಖಂಡಿತ.

ರೈಲು ಬಂತು. ಹಮಾಲ ಬುಟ್ಟಿಗೆ ಕೈ ಹಾಕಿದ. "ಬ್ಯಾಡ. ಏರಸಬ್ಯಾಡ" ಅಂದೆ.

ಗಾಡಿಯವ ಗಾಬರಿಯಾದ. "ಹುಚ್ಚು ಹಿಡಿತೇನ್ ಬೇ ನಿಂಗ? ಮಾಲ ತಿರಗಿ ಒಯ್ದ್ರ ಧಣಿ ನನ್ನ ಕಳ್ಳ ಅಂತ ಗಟ್ಟಿ ಮಾಡ್ತಾನ."

"ಈ ಮಾಲ ಹ್ವಾದ್ರ ಕಡೀ ಮಾಲ. ಚಪ್ಪರಾನೂ ಇಲ್ಲ, ನಿನ್ನ ಗಾಡೀನೂ ಇಲ್ಲ. ಕೈ ಹಾಕಿ ನೋಡು" ಅಂದೆ. ಅವನು ಕೈ ಹಾಕಿದ. ಹಮಾಲನೂ ಹಾಕಿದ. ಇಬ್ಬರೂ ಸೇರಿ ಬುಟ್ಟಿಗಳನ್ನು ಮತ್ತೆ ಗಾಡಿಗೆ ಏರಿಸಿದರು. ರೈಲು ನಮ್ಮ ಎಲೆ ಇಲ್ಲದೆ ಹೋಯಿತು.

ಬುಟ್ಟಿಗಳನ್ನು ವಾಪಸು ತಂದ ಮರುದಿನ ಧಣಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಕಂಡದ್ದನ್ನೆಲ್ಲ ಹೇಳಿದೆ: ಕಾಲುವೆ, ಕೊಡ, ಬಾವಿ, ಬಕೆಟ್ಟು, ಹಮಾಲ.

"ಅಂದ್ರ ನನ್ನ ಕತಿ ಸುಳ್ಳಂತೀ?"

"ಕತಿ ಖರೇನ ಐತ್ರಿ. ನೀವು ಮಂದಿಗೆ ಬೈದ್ರಿ, ರಾಜಾಗ ಬೈಲಿಲ್ಲ. ರಾತ್ರಿ ತಂದು ಸುರೂರಿ ಅಂದಾಂವ ಯಾರ್ರಿ? ಒಬ್ಬರ ತಂಬಿಗಿ ಒಬ್ಬರಿಗೆ ಕಾಣಬಾರದಂಗ ಮಾಡಿದಾಂವ ಅಂವ. ಹಗಲಿನ್ಯಾಗ ಸಾಲ ಹಚ್ಚಿ ನಿಂದರಸಿದ್ರ ಹೊಂಡಾ ಹಾಲ ಆಗತಿತ್ತು. ನೀವೂ ಹಂಗ ಮಾಡೀರಿ. ತ್ವಾಟದಾಗ ಏನಾಗತೈತಿ ಚಪ್ಪರಕ್ಕ ಗೊತ್ತಿಲ್ಲ, ಚಪ್ಪರದ್ದು ಗಾಡಿಗೆ ಗೊತ್ತಿಲ್ಲ."

ಧಣಿಯ ಕತೆಯ ರಾಜನನ್ನು ಯಾರಾದರೂ ಬಯ್ದದ್ದು ಅದೇ ಮೊದಲಿರಬೇಕು.

ನಾನು ಬಿಡಲಿಲ್ಲ. ಇನ್ನು ಮುಂದೆ ತೋಟದವನು ಕಾಲುವೆಯಲ್ಲಿ ಅದ್ದುವಂತಿಲ್ಲ. ಚಪ್ಪರದಲ್ಲಿ ನೀರಿನ ಕೊಡವೇ ಇರುವುದಿಲ್ಲ. ಎಲೆ ನೆರಳಲ್ಲಿ ಆರಿದ ಮೇಲೆಯೇ ಬುಟ್ಟಿ ತುಂಬುವುದು. ಹಮಾಲನೂ ನೀರು ಮುಟ್ಟುವಂತಿಲ್ಲ. ನೀರು ಹೊಡೆಯುವ ಕೈ ಒಂದೇ, ಅದೂ ಸ್ಟೇಷನ್ನಿನಲ್ಲಿ, ಹೊರಗಿನ ಗೋಣಿತಟ್ಟಿಗೆ ಮಾತ್ರ, ಒಳಗೆ ಇಳಿಯದಂತೆ. ರೈಲು ಎಷ್ಟು ತಡ ಅನ್ನುವುದು ಅಲ್ಲಿ ನಿಂತವನಿಗೇ ಗೊತ್ತು.

"ಆ ಕೈ ಯಾರ್ದು? ನಿಂದನ?" ಅಂದರು ಧಣಿ.

"ಗಾಡ್ಯಾಂವಂದು" ಅಂದೆ. ಎಲೆ ಹಸಿರಾಗಿ ಮುಟ್ಟಬೇಕೆಂಬ ಹಟ ಕಳ್ಳ ಅನಿಸಿಕೊಂಡವನಿಗಿಂತ ಹೆಚ್ಚು ಯಾರಿಗಿತ್ತು?

ಚಪ್ಪರಕ್ಕೆ ಚಪ್ಪರವೇ ಬುಸುಗುಟ್ಟಿತು. ನಮ್ಮ ಹೆಂಗಸರಲ್ಲಿ ಹಿರಿಯಳೊಬ್ಬಳು, "ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತು" ಅಂದಳು. ತೋಟದವನು, "ಅವನ ಕೈ ನಂಬಿ ನಾ ಒಣ ಎಲಿ ಕೊಡಬೇಕ?" ಅಂದ. ಧಣಿ, "ಕರ್ರಗಾದ್ರ?" ಅಂದರು.

"ಕರ್ರಗಾದ್ರ ಚಪ್ಪರಾ ಕಿತ್ತಸ್ರಿ. ನಾನ ಮೊದಲ ಗೂಟಾ ಕೀಳತೇನಿ" ಅಂದೆ. ಹೆಂಗಸರು ನನ್ನನ್ನು ನುಂಗುವಂತೆ ನೋಡಿದರು. ಅವರ ಅನ್ನವನ್ನು ನಾನು ಪಣಕ್ಕಿಟ್ಟಿದ್ದೆ. ಅವರ ಸಿಟ್ಟು ನ್ಯಾಯವಾದದ್ದೇ.

ನಂಬಿಕೆ ಅಂತೂ ಇರಲಿಲ್ಲ, ಆದ್ದರಿಂದ ಅದನ್ನು ಕೇಳಲೂ ಇಲ್ಲ. ಒಂದು ಪದ್ಧತಿ ಹಾಕಿದೆ. ತೋಟದವನು ಎಲೆ ತಂದಾಗ ಚಪ್ಪರದವಳು ಅವನ ಎದುರಿಗೇ ಬುಟ್ಟಿಯ ತಳದವರೆಗೆ ಕೈ ಹಾಕಿ ನೋಡಬೇಕು. ಬುಟ್ಟಿ ಹೊಲಿಯುವ ಮುಂಚೆ ಗಾಡಿಯವನು ನಮ್ಮೆದುರಿಗೇ ಕೈ ಹಾಕಬೇಕು. ಒದ್ದೆ ಹತ್ತಿದರೆ ಬಿಚ್ಚಿ ಮತ್ತೆ ಆರಿಸಬೇಕು, ತಕರಾರು ಇಲ್ಲ. ಅಯ್ಯೋ, ಆ ಮೊದಲ ದಿನದ ತಕರಾರು! ಗಾಡಿಯವ ಬೇಕಂತಲೇ ಮೂಸಿ ನೋಡಿ, "ಇದು ಹಸಿ, ಬಿಚ್ಚರಿ" ಅಂದ. ಹೆಂಗಸರು ಅವನ ಏಳು ತಲೆಮಾರನ್ನು ಎತ್ತಾಡಿದರು. ಬಿಚ್ಚಿ ನೋಡಿದರೆ ನಡುವಿನ ಕಟ್ಟುಗಳು ಹಸಿಯೇ ಇದ್ದವು. ಬಯ್ಯುತ್ತಲೇ ಆರಹಾಕಿದರು, ಬಯ್ಯುತ್ತಲೇ ತುಂಬಿದರು. ನಾನು ಬೈಗುಳಕ್ಕೆ ಅಡ್ಡ ಬರಲಿಲ್ಲ. ಬಾಯಿ ಏನು ಬೇಕಾದರೂ ಮಾಡಲಿ, ಕೈ ಸರಿಯಾಗಿ ಮಾಡಿದರೆ ಸಾಕಿತ್ತು.

ಗಾಡಿ ಹೋಯಿತು. ತಾರು ಬರುವವರೆಗಿನ ದಿನಗಳಲ್ಲಿ ಚಪ್ಪರದಲ್ಲಿ ಯಾರೂ ನನ್ನ ಕೂಡ ಮಾತಾಡಲಿಲ್ಲ. ನಾನು ಮನೆಯಲ್ಲಿ ಒಲೆ ಮುಂದೆ ಕೂತು ಆ ಧಣಿಯನ್ನೂ ಆ ರಾಜನನ್ನೂ ಒಂದೇ ಸಮನೆ ಶಪಿಸಿದೆ.

ತಾರು ಬಂತು. ಎಲೆ ಹಸಿರಾಗಿ ಮುಟ್ಟಿದೆ, ಇನ್ನಷ್ಟು ಕಳಿಸಿರಿ. ಹೆಂಗಸರಲ್ಲಿ ಒಬ್ಬಳು ಅತ್ತಳು. ಧಣಿಯವರು ಮೀಸೆಯ ಮೇಲೆ ಕೈಯಾಡಿಸಿ, "ನೋಡಿದ್ರ್ಯಾ, ನಾ ಕತಿ ಹೇಳಿದ್ದಕ್ಕ ಬುದ್ಧಿ ಬಂತು" ಅಂದರು. ಯಪ್ಪಾ ಶಿವನೇ!

ಅಷ್ಟರಲ್ಲಿ ಅಂಗಳದಲ್ಲಿ ಗಾಡಿಯವ ಎತ್ತುಗಳ ಹಗ್ಗ ಬಿಚ್ಚುತ್ತಿದ್ದ.

"ಯಾಕೋ?" ಅಂದರು ಧಣಿ.

"ಎಲಿ ಹಸರ ಮುಟ್ಟಿತಲ್ಲ್ರಿ. ನಾ ಕಳ್ಳ ಅಲ್ಲ ಅಂತ ಗೊತ್ತಾತಲ್ಲ್ರಿ. ಇನ್ನ ಬ್ಯಾರೆ ಗಾಡ್ಯಾಂವನ್ನ ನೋಡ್ಕೊರಿ" ಅಂದವನೇ ತನ್ನ ಎತ್ತುಗಳನ್ನು ಹೊಡೆದುಕೊಂಡು ಹೊರಟುಹೋದ. ಧಣಿಯ ಗಾಡಿ ಅಲ್ಲೇ ಮೂಕಿಯನ್ನು ನೆಲಕ್ಕೂರಿ ನಿಂತಿತ್ತು.

"ಹೋಗ್ಲಿ ಬಿಡು. ಗಾಡಿ ಹೊಡಿಯಾವ್ರಿಗೇನು ಬರಾ?" ಅಂದರು ಧಣಿ. ಆ ಹೊತ್ತಿಗೆ ತೋಟದಿಂದ ಎಲೆ ಬಂದು ಬಿದ್ದಿತ್ತು. ಬಿಸಿಲು ಏರುತ್ತಿತ್ತು. ಹೊಸ ಗಾಡಿಯವ ಬಂದು ಕೈ ಹಾಕಿ ನೋಡುತ್ತಾನೆಯೇ, ಯಲವಿಗಿಯಲ್ಲಿ ಎಷ್ಟು ನೀರು ಹೊಡೆಯುತ್ತಾನೆ, ಯಾರು ಬಲ್ಲರು? ನಾನು ಬಾಯಿ ತೆರೆಯುವುದರೊಳಗೆ ಆ ಹಿರಿಯ ಹೆಂಗಸು, ಮೊದಲು ಕೀಲಿ ಗಾದೆ ಹೇಳಿದವಳು, ಮಡಿಲಿನ ಎಲೆ ಝಾಡಿಸಿ ಎದ್ದು ನಿಂತಳು.

"ಅಂವ ಬರೂತನಾ ನಾ ಎಲಿ ಮುಟ್ಟಂಗಿಲ್ಲ್ರಿ" ಅಂದಳು.

ಅವಳ ಪಕ್ಕದವಳು ಎದ್ದಳು. ಸಾಲಿಗೆ ಸಾಲೇ ಎದ್ದಿತು. ಗಾಡಿಯವನ ಮೇಲಿನ ಪ್ರೀತಿಯಿಂದಲ್ಲ. ಇನ್ನೊಂದು ಕರಿ ತಾರು ಬಂದರೆ ತಮ್ಮ ಗತಿ ಏನೆಂದು ಅವರಿಗೆ ಗೊತ್ತಿತ್ತು. ಆಶ್ಚರ್ಯವೆಂದರೆ ತೋಟದ ಹಿರಿಯಾಳೂ ಎಲೆ ಬುಟ್ಟಿಯನ್ನು ನೆಲಕ್ಕಿಟ್ಟು ಕೈಕಟ್ಟಿ ನಿಂತ.

ಧಣಿ ಕೂಗಾಡಿದರು. ಹುಬ್ಬಳ್ಳಿಯವನ ಹೆಸರೆತ್ತಿದರು. ಯಾರೂ ಕದಲಲಿಲ್ಲ. ಬಿಸಿಲು ಚಪ್ಪರದ ಅಂಚು ದಾಟಿ ಎಲೆಯ ಕಡೆ ಬರತೊಡಗಿತು. ಮುಂಬಯಿಯವನು ಇನ್ನಷ್ಟು ಕೇಳಿದ್ದ. ಕೊನೆಗೆ ಅವರು ರುಮಾಲು ಸರಿಮಾಡಿಕೊಂಡು ಓಣಿಯ ಕಡೆ ನಡೆದರು. ಧಣಿಯವರು ಆಳಿನ ಮನೆಗೆ ಹೋದದ್ದನ್ನು ನಮ್ಮ ಓಣಿ ಅವತ್ತೇ ಕಂಡದ್ದು.

ಬಹಳ ಹೊತ್ತಾದ ಮೇಲೆ ಇಬ್ಬರೂ ಬಂದರು, ಧಣಿ ಮುಂದೆ, ಎತ್ತು ಹೊಡೆದುಕೊಂಡು ಅವನು ಹಿಂದೆ. ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಅಂಗಳದ ನಡುವೆ ಬಂದು ಗಾಡಿಯವ ನಿಂತುಬಿಟ್ಟ. ನೊಗಕ್ಕೆ ಕೈ ಹಚ್ಚಲಿಲ್ಲ.

"ಅಂದದ್ದು ಇಲ್ಲೇ ಅಂದೀರಿ. ಇವರ ಮುಂದ" ಅಂದ.

ಧಣಿ ನಮ್ಮ ಕಡೆ ನೋಡಿದರು. ನಾವು ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಇಂವ ಕದ್ದಿಲ್ಲ" ಅಂದರು. ಅಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗಾಡಿಯವನ ಗಲ್ಲ ಅದುರಿತು. ಅದು ನನ್ನ ಕಣ್ಣಿಗೆ ಬಿದ್ದದ್ದು ಕಂಡು ಸಿಟ್ಟಾದ. "ಏನ್ ಬಾಯಿ ತಕ್ಕೊಂಡು ನೋಡಾಕತ್ತಿ? ಬಿಸಲೇರೇತಿ, ನಿನ್ನ ಮಂದೀನ ಕುಂಡ್ರಸು!"

"ನೀ ಎತ್ತ ಹೂಡು ಮೊದಲ. ನನಗ ಹೇಳಾಕ ಬರಬ್ಯಾಡ" ಅಂದೆ.

ಹೆಂಗಸರು ಕೂತರು. ಎಲೆ ಜೋಡಿಸುವ ಸದ್ದು ಶುರುವಾಯಿತು. ಆ ಮನುಷ್ಯನೂ ನಾನೂ ಆಮೇಲೆ ಎಷ್ಟೋ ವರ್ಷ ಅದೇ ಚಪ್ಪರದಲ್ಲಿ ಕೆಲಸ ಮಾಡಿದೆವು. ಒಂದು ದಿನವಾದರೂ ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ. ಚಪ್ಪರ ಮಾತ್ರ ಯಾರೂ ಕೀಳಲಿಲ್ಲ.